ಎಡಬಾಗಿಲ ಹಿಂದಿನ ತೇಪೆ

ಗುಳಿಗೆಯನ್ನು ಪಟ್ಟಿಯಿಂದ ಒತ್ತಿ ತೆಗೆಯುವುದು ನನಗೆ ಈಗಲೂ ಆಗುವುದಿಲ್ಲ. ಬ್ಲೇಡಿನ ಮೊನೆಯಿಂದ ಬೆನ್ನಿನ ಬೆಳ್ಳಿ ಹಾಳೆಯ ಅಂಚನ್ನು ಎಬ್ಬಿಸಿ, ಹರಿಯದಂತೆ ಮೆಲ್ಲಗೆ ಸುಲಿದು, ಗುಳಿಗೆಗಳನ್ನು ಸಣ್ಣ ಡಬ್ಬಿಗೆ ಹಾಕಿ, ಹಾಳೆಯನ್ನು ಹಳೆಯ ಕ್ಯಾಲೆಂಡರಿನ ಪುಟಗಳ ನಡುವೆ ಇಡುತ್ತೇನೆ. ನಮ್ಮ ಅತ್ತೆಯವರಿಗೆ ಬಿ.ಪಿ. ಗುಳಿಗೆ ದಿನಕ್ಕೊಂದು. ಹತ್ತು ದಿನಕ್ಕೊಂದು ಹಾಳೆ. ಈ ಹಾಳೆಗಳನ್ನು ತೆಗೆದುಕೊಳ್ಳುತ್ತಿದ್ದವರು ಪಕ್ಕದ ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾಯಿತು. ಹೋದ ತಿಂಗಳು ಅವರು ತೀರಿಯೇ ಹೋದರು. ಆದರೂ ಮೊನ್ನೆ ಸೋಮವಾರ ಹೊಸ ಪಟ್ಟಿ ತೆಗೆದಾಗ ಕೈ ತಾನಾಗಿ ಬ್ಲೇಡು ಹುಡುಕಿತು.

ಸುಲಿಯುವುದನ್ನು ಕಲಿಸಿದವರು ಅವರೇ. "ಒತ್ತಬ್ಯಾಡ್ರಿ ಅಕ್ಕೋರ. ಒತ್ತಿದ್ರ ತೂತ ಬೀಳ್ತದ, ತೂತ ಬಿದ್ದ ಹಾಳಿ ನನಗ ಉಪಯೋಗಿಲ್ಲ" ಎಂದು ನಮ್ಮಿಬ್ಬರ ಅಂಗಳಗಳ ನಡುವಿನ ಗಿಡ್ಡ ಗೋಡೆಯ ಆಚೆಯಿಂದ ಹೇಳಿದ್ದರು. ಒಳಗಿದ್ದ ಅತ್ತೆಯವರು ಕೇಳಿಸಿಕೊಂಡು, "ಏನ ಬೇ, ಇನ್ನ ಮ್ಯಾಲ ಗುಳಿಗಿ ನುಂಗಬೇಕೋ ಶೇಂಗಾದಂಗ ಸುಲಕೋತ ಕುಂಡ್ರಬೇಕೋ?" ಎಂದಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರೇ ನನಗೆ ಹೇಳಿದ್ದಾರೆ. ಆ ಮಾತು ಯಾಕೆ ಬಂತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯ ಗುಮಾಸ್ತೆ. ಜೇವರ್ಗಿಯಿಂದ ಅಫಜಲಪುರದ ಕಡೆಗೆ ವರ್ಗವಾಗಿ ಬಂದ ವರ್ಷವೇ ಅವರೂ ಪಕ್ಕದ ಬಾಡಿಗೆ ಮನೆಗೆ ಬಂದರು. ಅವರ ಹೆಂಡತಿ ಸರ್ಕಾರಿ ದವಾಖಾನೆಯಲ್ಲಿ ನರ್ಸು, ನಮಗೆಲ್ಲ ಸಿಸ್ಟರ್. ಊರು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ಸಾಮಾನಿನ ಟೆಂಪೊದಿಂದ ಮೊದಲು ಇಳಿದದ್ದು ಬುದ್ಧನ ಪಟ. ಅದನ್ನು ಎದೆಗೊತ್ತಿ ಹಿಡಿದು ಅವರು ಒಳಗೆ ಹೋದದ್ದನ್ನು ಇಡೀ ಓಣಿ ನೋಡಿತು, ನೋಡಿ ತಿಳಿಯಬೇಕಾದ್ದನ್ನು ತಿಳಿದುಕೊಂಡಿತು. ಅದಾದ ಮೇಲೆ ಯಾರೂ ಅವರ ಹೆಸರು ಕೇಳಲಿಲ್ಲ.

ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಮೈ ರಿಪೇರಿ ಮಾಡುವ ಫಿಟ್ಟರ್ ಆಗಿದ್ದವರು. ಓಣಿಯವರು ಮಾತ್ರ ಮಿಲಿಟ್ರಿ ಎಂದರು. ಮೊದಲ ವರ್ಷ "ಮಿಲಿಟ್ರಿ ಅಲ್ರಿ, ಏರ್‌ಫೋರ್ಸ್" ಎಂದು ತಿದ್ದುತ್ತಿದ್ದರು. ಎರಡನೆಯ ವರ್ಷ ಬಿಟ್ಟರು. ಗ್ಯಾಸ್ ಸಿಲಿಂಡರ್ ತರುವವನೂ ಬೀದಿಯ ತುದಿಯಿಂದ "ಮಿಲಿಟ್ರಿ ಮನಿ ಯಾವುದ್ರೀ" ಎಂದೇ ಕೂಗುತ್ತಿದ್ದ. ನಮ್ಮ ಅತ್ತೆಯವರಿಗೆ ಅವರು ಇಮಾನದಾಂವ, ಅಂದರೆ ವಿಮಾನದವನು. ನಾನು ಕಾಕಾ ಎನ್ನುತ್ತಿದ್ದೆ.

ಅತ್ತೆಯವರ ಮಾತಿಗೆ ಕಾರಣವಿತ್ತು. ನೌಕರಿ ಮುಗಿಸಿ ಬರುವಾಗ ಅವರು ಪುಣೆಯಲ್ಲಿ ಒಂದು ಪೆಟ್ಟಿಗೆ ಕೊಂಡು ತಂದಿದ್ದರು. ಅದರೊಳಗೆ ಬಿಡಿ ಬಿಡಿಯಾಗಿ ಪ್ಲಾಸ್ಟಿಕ್ಕಿನ ವಿಮಾನ. ಸರಕು ಸಾಗಿಸುವ, ಎರಡು ಪಂಖದ ವಿಮಾನ. ಜೋಡಿಸಿದರೆ ರೆಕ್ಕೆಯಿಂದ ರೆಕ್ಕೆಗೆ ಎರಡು ಗೇಣಿಗೆ ಸ್ವಲ್ಪ ಕಡಿಮೆ. ಜೋಡಿಸಲು ಎರಡು ದಿನ ಸಾಕಂತೆ. ಅವರಿಗೆ ಐದು ವರ್ಷ ಹಿಡಿಯಿತು. ಯಾಕೆಂದರೆ ಪೆಟ್ಟಿಗೆಯಲ್ಲಿ ಬಂದದ್ದು ಬರೀ ನುಣ್ಣನೆಯ ಮೈ. ಒಳಗೆ ಕುರ್ಚಿಗೆ ಪಟ್ಟಿಯಿಲ್ಲ, ಗಾಲಿಗೆ ಬ್ರೇಕಿನ ನಳಿಗೆಯಿಲ್ಲ, ಇಂಜಿನಿನ ಬಾಯಿಗೆ ಜಾಳಿಗೆಯಿಲ್ಲ. "ಇದು ಮದುವಿ ಮನ್ಯಾಗಿನ ಗೊಂಬಿ ಇದ್ದಂಗದ ನೋಡ್ರಿ. ಬಟ್ಟಿ ಅದ, ಬೆವರಿಲ್ಲ" ಎನ್ನುತ್ತಿದ್ದರು. ಆ ಬೆವರನ್ನು ಅವರು ನಮ್ಮ ನಮ್ಮ ಮನೆಗಳಿಂದ ತಂದರು.

ಕೆಟ್ಟುಹೋದ ಮೊಬೈಲ್ ಚಾರ್ಜರಿನ ತಂತಿಯೊಳಗಿನ ಕೂದಲೆಳೆಯಂಥ ತಾಮ್ರ ಅವರಲ್ಲಿ ಬ್ರೇಕಿನ ನಳಿಗೆಯಾಯಿತು. ಗಾಯಕ್ಕೆ ಹಚ್ಚುವ ಬಟ್ಟೆಯ ಪಟ್ಟಿಯನ್ನು ಸೀಳಿ ಸೀಳಿ ಪೈಲಟ್ಟನ ನಡುವಿಗೆ ಕಟ್ಟುವ ಬೆಲ್ಟು. ಕಿವಿ ಕಡ್ಡಿಯ ಪ್ಲಾಸ್ಟಿಕ್ಕನ್ನು ದೀಪದ ಉರಿಗೆ ಹಿಡಿದು, ಮೆತ್ತಗಾದೊಡನೆ ಎರಡೂ ಕೈಯಿಂದ ಎಳೆದರೆ ಜೇಡರ ಎಳೆಯಷ್ಟು ತೆಳ್ಳಗೆ ಬರುತ್ತದೆ, ಅದು ಬೆನ್ನಿನ ಮೇಲಿನ ರೇಡಿಯೊ ಏರಿಯಲ್. ಇಂಜಿನಿನ ಹಿಂದೆ ಹೊಗೆ ಹತ್ತಿದ ಕಪ್ಪಿಗೆ ನನ್ನ ಕಾಡಿಗೆ ಡಬ್ಬಿಯ ತಳ. ಗಾಲಿಗೆ ನಮ್ಮ ಅಂಗಳದ ಎರೆಮಣ್ಣಿನ ಧೂಳು. ಜಾಳಿಗೆಗೆ ಚಹಾ ಸೋಸುವ ಜರಡಿ. ಜರಡಿಯ ವಿಷಯದಲ್ಲಿ ಸಿಸ್ಟರ್ ಬಹಳ ಸೋತಿದ್ದರು. "ನಮ್ಮನ್ಯಾಗ ಚಹಾದ ಜರಡಿ ನಿಲ್ಲಂಗಿಲ್ಲ ವೈನಿ, ಎಲ್ಲಾ ಹಾರಿ ಹೋಗ್ತಾವ. ಚಹಾದಾಗ ಪುಡಿ ನುಂಗಿ ನುಂಗಿ ನಾ ಅರ್ಧ ಚಹಾದ ಗಿಡ ಆಗೇನಿ." ಮುಗಿಲಿನಲ್ಲಿ ಎಲ್ಲೋ ವಿಮಾನದ ಸದ್ದಾದರೆ ಕಾಕಾ ತಲೆ ಎತ್ತದೆಯೇ ಅದು ಯಾವ ಜಾತಿಯ ಇಂಜಿನು ಎಂದು ಹೇಳುತ್ತಿದ್ದರು. ಆಗ ಅಡಿಗೆಮನೆಯಿಂದ ಸಿಸ್ಟರ್ ದನಿ: "ಮುಗಲಾಗಿಂದು ಗೊತ್ತಾಗ್ತದ, ಒಲಿ ಮ್ಯಾಲಿನ ಹಾಲು ಉಕ್ಕಿದ್ದು ಗೊತ್ತಾಗಂಗಿಲ್ಲ!"

ಎಲ್ಲದಕ್ಕೂ ಅಳತೆ ಒಂದೇ. ಅವರ ವಿಮಾನದಲ್ಲಿ ಒಂದು ಇಂಚೆಂದರೆ ನಿಜದ ವಿಮಾನದಲ್ಲಿ ಆರು ಅಡಿ. ಏನನ್ನು ಕೈಗೆ ಕೊಟ್ಟರೂ ಅದನ್ನು ಕಣ್ಣಿನ ಹತ್ತಿರ ಹಿಡಿದು, ಮನಸ್ಸಿನಲ್ಲೇ ಎಪ್ಪತ್ತೆರಡು ಪಟ್ಟು ಹಿಗ್ಗಿಸಿ, ಆಗುತ್ತದೋ ಇಲ್ಲವೋ ಹೇಳುತ್ತಿದ್ದರು. ಒಮ್ಮೆ ನಾನು ರವಿಕೆಯ ಒಂದು ಹುಕ್ಕು ಕೊಟ್ಟೆ. ನೋಡಿ ನಕ್ಕರು. "ಇದು ಭಾಳ ದೊಡ್ಡದಾತ್ರಿ ಅಕ್ಕೋರ. ಇದನ್ನ ಹಚ್ಚಿದ್ರ ವಿಮಾನದಾಗ ಎತ್ತು ಕಟ್ಟಬಹುದು." ನಮ್ಮ ಮುಖ್ಯಗುರುಗಳು ತಮ್ಮ ದೊಡ್ಡಸ್ತಿಕೆ ತೋರಿಸಿದ ದಿನ ನಾನು ಸಿಟ್ಟಿನಿಂದ ಮನೆಗೆ ಬಂದರೆ, ಗೋಡೆಯ ಆಚೆಯಿಂದ ಹೇಳುತ್ತಿದ್ದ ಮಾತು ಇದು: "ಹೋಗ್ಲಿ ಬಿಡ್ರಿ. ನನ್ನ ಲೆಕ್ಕದಾಗ ಎಂಥಾ ದೊಡ್ಡಾಂವ ಇದ್ರೂ ಒಂದ ಇಂಚಿನ ಮ್ಯಾಲ ಹೋಗಂಗಿಲ್ಲ."

ಈಗ ಗ್ಲಾಸಿನ ವಿಷಯ ಹೇಳಬೇಕು. ಅದನ್ನು ಬಿಟ್ಟು ಮುಂದೆ ಹೋಗಬಹುದೇ ಎಂದು ಎರಡು ದಿನ ಯೋಚಿಸಿದೆ. ಹೋಗಲಾಗದು.

ಬೇಸಿಗೆಯಲ್ಲಿ ತಮ್ಮ ನಳದಲ್ಲಿ ನೀರು ನಿಂತರೆ ಕಾಕಾ ನಮ್ಮ ಬೋರಿನಿಂದ ಕೊಡ ತುಂಬಿಕೊಳ್ಳಲು ಬರುತ್ತಿದ್ದರು. ಆಗ ಕುಡಿಯಲು ಒಂದು ಗ್ಲಾಸು ನೀರು ಕೇಳುವುದಿತ್ತು. ನಮ್ಮ ಅತ್ತೆಯವರು ಯಾರದೋ ಮದುವೆಯಲ್ಲಿ ಉಳಿದ, ಒಮ್ಮೆ ಕುಡಿದು ಎಸೆಯುವ ತಿಳಿ ಪ್ಲಾಸ್ಟಿಕ್ ಗ್ಲಾಸುಗಳ ಒಂದು ಉದ್ದನೆಯ ಕಟ್ಟನ್ನು ಅಟ್ಟದ ಮೇಲೆ ಇಟ್ಟಿದ್ದರು. ಅದು ಕಾಕಾನಿಗೆಂದೇ ಇಟ್ಟದ್ದು. ಅತ್ತೆಯವರು ಒಂದು ಗ್ಲಾಸು ಬಿಡಿಸಿ, ನೀರು ಹಾಕಿ, ಗೋಡೆಯ ಮೇಲೆ ಇಡುತ್ತಿದ್ದರು. ಕೈಗೆ ಕೊಡುತ್ತಿರಲಿಲ್ಲ. ನಾನು ಅಲ್ಲೇ ಕೊತ್ತಂಬರಿ ಸೋಸುತ್ತಲೋ ಭಾಂಡೆ ಬೆಳಗುತ್ತಲೋ ಇರುತ್ತಿದ್ದೆ. ನೋಡುತ್ತಿದ್ದೆ. ಅವರು ನೀರು ಕುಡಿದು, ಗ್ಲಾಸನ್ನು ಎಸೆಯದೆ, ನಮ್ಮ ನಳದ ಕೆಳಗೆ ತೊಳೆದು, ಅಂಗಿಯ ತುದಿಯಿಂದ ಒರಸಿ, ಮನೆಗೆ ಒಯ್ಯುತ್ತಿದ್ದರು. "ಏನ ಮಾಡ್ತಾನೋ ಅವನ್ನ ಕೂಡಿಸಿಟ್ಟು" ಎಂದು ಅತ್ತೆಯವರು ನಗುತ್ತಿದ್ದರು.

ಏನು ಮಾಡಿದರು ಎಂಬುದು ಒಂದು ಭಾನುವಾರ ತಿಳಿಯಿತು. ಗೋಡೆಯ ಹತ್ತಿರ ಕರೆದು ವಿಮಾನದ ಮೂತಿಯನ್ನು ತೋರಿಸಿದರು. ಪೆಟ್ಟಿಗೆಯಲ್ಲಿ ಬಂದ ಗಾಜು ದಪ್ಪಗೆ, ಮಸುಕಾಗಿತ್ತಂತೆ. ಅದನ್ನು ತೆಗೆದುಹಾಕಿ, ಬೇವಿನ ಕಟ್ಟಿಗೆಯಲ್ಲಿ ಕಡಲೆಕಾಳಿನಷ್ಟು ಅಚ್ಚು ಕೆತ್ತಿ, ಆ ಗ್ಲಾಸಿನ ಪ್ಲಾಸ್ಟಿಕ್ಕನ್ನು ಕಾಸಿ ಅದರ ಮೇಲೆ ಒತ್ತಿ, ಪೈಲಟ್ಟನ ಮುಂದಿನ ಗಾಜು ಮಾಡಿದ್ದರು. ಹನ್ನೊಂದು ಗ್ಲಾಸು ಕೆಟ್ಟವಂತೆ, ಹನ್ನೆರಡನೆಯದು ಕೂತಿತು. ನೀರಿನಷ್ಟು ತಿಳಿಯಾಗಿತ್ತು. ಒಳಗಿನ ಬೆಲ್ಟು, ಗಡಿಯಾರದಂಥ ಮುಳ್ಳುಗಳು ಎಲ್ಲ ಕಾಣುತ್ತಿದ್ದವು.

"ಅತ್ತೀಯವರಿಗೆ ಹೇಳ್ರಿ" ಎಂದರು. "ಅವರು ಕೊಟ್ಟ ಗ್ಲಾಸಿನ್ಯಾಗ ಪೈಲಟ್ ಕುಂತಾನಂತ. ಇಡೀ ವಿಮಾನದಾಗ ಇದಕಿಂತ ಮ್ಯಾಲಿನ ಜಾಗಾ ಇಲ್ಲರಿ."

ಮುಖದಲ್ಲಿ ನಗುವಿತ್ತು. ಆ ನಗು ಎಂಥದು ಎಂದು ನನಗೆ ಅರ್ಥವಾಗಿತ್ತು. ಅರ್ಥವಾಗದವಳ ಹಾಗೆ "ಭಾಳ ಛಂದ ಆಗ್ಯದ ಕಾಕಾ" ಎಂದೆ. ಮರುದಿನ ಅಟ್ಟದಿಂದ ಆ ಕಟ್ಟನ್ನು ತೆಗೆದುಹಾಕಬಹುದಿತ್ತು. ತೆಗೆಯಲಿಲ್ಲ. ಮನೆಯಲ್ಲಿ ಮಾತು ಬೆಳೆಯುವುದು ಬೇಡ ಎಂದುಕೊಂಡೆ. ನನ್ನ ಇಡೀ ಸಂಸಾರ ಮಾತು ಬೆಳೆಯುವುದು ಬೇಡ ಎನ್ನುವುದರಲ್ಲೇ ಕಳೆದಿದೆ.

ಮುಖ್ಯವಾದದ್ದು ತೇಪೆ. ಅದು ಯಾವುದೋ ಒಂದು ವಿಮಾನವಲ್ಲ, ಅವರು ಒಮ್ಮೆ ಕೈಯಾರೆ ರಿಪೇರಿ ಮಾಡಿದ ಅದೇ ವಿಮಾನದ ರೂಪ ಎಂದು ನನಗೆ ತಿಳಿದದ್ದು ಆ ತೇಪೆಯಿಂದ. ಉತ್ತರದ ಕಡೆ ಯಾವುದೋ ಚಳಿಯ ಠಾಣೆಯಲ್ಲಿ ಸರಕು ಇಳಿಸುವಾಗ ಒಂದು ಎಣ್ಣೆಯ ಪೀಪಾಯಿ ಉರುಳಿ, ಎಡಗಡೆ ಬಾಗಿಲ ಹಿಂದೆ ವಿಮಾನದ ಮೈ ಹರಿಯಿತಂತೆ. ಅದು ಸಂಜೆಯೊಳಗೆ ಹಾರಲೇಬೇಕು. ಹಿಮದಲ್ಲಿ ಸಿಕ್ಕಿಕೊಂಡವರಿಗೆ ಔಷಧ ಮುಟ್ಟಿಸಬೇಕು. ಇವರು ಒಂದಡಿ ಅಗಲದ ತಗಡು ಕತ್ತರಿಸಿ ಇಪ್ಪತ್ತೆರಡು ರಿವೆಟ್ ಮೊಳೆ ಬಡಿದರು. ಚಳಿಗೆ ಬೆರಳು ತಗಡಿಗೇ ಅಂಟುತ್ತಿದ್ದವಂತೆ. ಬಡಿದು ಮುಗಿಸಿ, ಅವರಲ್ಲಿ ಒಂದು ಪುಸ್ತಕವಿರುತ್ತದೆ, ಅದರಲ್ಲಿ ಮಾಡಿದ ಕೆಲಸ ಬರೆದು ಹೆಸರು ಬರೆದು ಸಹಿ ಮಾಡಿದರು. ಯಾರು ವಿಮಾನದ ಯಾವ ಮುಚ್ಚಳ ತೆಗೆದರೂ ಸಹಿ ಮಾಡಬೇಕು, ಅದು ಅವರ ಕಟ್ಟಳೆ.

"ಪೈಲಟ್ ಬಂದಾ. ದೊಡ್ಡ ಆಫೀಸರ್, ಸರ್ದಾರ್ಜಿ. ನನ್ನ ಮಾರಿ ನೋಡ್ಲಿಲ್ಲ. ಪುಸ್ತಕ ತಗದಾ, ನನ್ನ ಹೆಸರ ಓದಿದಾ. ಆಮ್ಯಾಲ ಏಣಿ ಹತ್ತಿದಾ. ಅಲ್ಲಿ ನನ್ನ ಹೆಸರ ಇಲ್ಲಂದ್ರ ಅಂವಾ ಹತ್ತತಿದ್ದಿಲ್ಲ ಅಕ್ಕೋರ." ಮತ್ತೆ ಹೇಳಿದರು: "ನಮ್ಮಪ್ಪನ ಹೆಸರ ಊರಾಗ ಯಾರೂ ಪೂರಾ ಕರೀಲಿಲ್ಲರಿ. ನಂದು ಒಬ್ಬಾಂವ ಓದಿದಾ, ಓದಿ ನಂಬಿದಾ."

ಆ ತೇಪೆಯನ್ನು ಮಾಡಿದ್ದು ನಮ್ಮ ಅತ್ತೆಯವರ ಬಿ.ಪಿ. ಗುಳಿಗೆಯ ಹಾಳೆಯಿಂದ. ಅಳತೆಯ ಪ್ರಕಾರ ತೊಗರಿಬೇಳೆಯಷ್ಟು ಅಗಲ. ಅದರ ಮೇಲೆ ಸೂಜಿಯ ಮೊನೆಯಿಂದ ಇಪ್ಪತ್ತೆರಡು ಚುಕ್ಕೆ. ಮಿಕ್ಕ ಮೈಯ ರಿವೆಟ್ ಸಾಲುಗಳಿಗೆಲ್ಲ ಹಳೆಯ ಅಲಾರಾಂ ಗಡಿಯಾರದ ಹಲ್ಲಿನ ಗಾಲಿ ಉರುಳಿಸಿದ್ದರು, ತೇಪೆಗೆ ಮಾತ್ರ ಒಂದೊಂದೇ ಚುಚ್ಚಿದರು. ನಾನು ನೋಡುತ್ತಿದ್ದಂತೆಯೇ ಒಂದು ತೇಪೆಯನ್ನು ಕಿತ್ತು ಹಾಕಿದರು. ಚುಕ್ಕೆ ಇಪ್ಪತ್ತೊಂದೇ ಆಗಿತ್ತಂತೆ.

"ಯಾರ ಎಣಸ್ತಾರ ಕಾಕಾ?"

"ನಾ ಎಣಸ್ತೇನಲ್ರಿ."

ವಿಮಾನ ಮುಗಿದ ಮೇಲೆ ಅದನ್ನು ಶಾಲೆಯ ಗಾಜಿನ ಕಪಾಟಿನಲ್ಲಿ ಇಡೋಣ ಎಂದವಳು ನಾನು. ಅದು ನನ್ನ ಕೋಣೆಯಲ್ಲೇ ಇತ್ತು, ಕೀಲಿ ನನ್ನ ಬಳಿ. ಒಳಗೆ ಆಟದಲ್ಲಿ ಗೆದ್ದ ಹಳೆಯ ಢಾಲುಗಳು, ಬಣ್ಣ ಉದುರಿದ ಒಂದು ಭೂಗೋಳ. ಮನೆಯಲ್ಲಿ ಧೂಳು ತಿನ್ನುವ ಬದಲು ಮಕ್ಕಳು ನೋಡಲಿ ಎಂದೆ.  ವಾರದ ಮೇಲೆ ಒಂದು ಬೆಳಿಗ್ಗೆ ಅವರು ಗೋಡೆಯ ಹತ್ತಿರ ಬಂದು ನಿಂತರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು.

"ಇಡ್ರಿ. ಖರೇ ಒಂದ ಮಾತು. ಮುಂದ ಒಂದ ಚೀಟಿ ಇಡಬೇಕು, ಹೆಸರಿಂದು. ನಿಮ್ಮ ಕೈಲೇ ಬರೀರಿ. ಸರ್ಟಿಫಿಕೇಟಿನ ಮ್ಯಾಲ ಬರಿತೀರಲ್ಲ, ಆ ಅಕ್ಷರದಾಗ."

ನನ್ನ ಅಕ್ಷರ ದುಂಡಗಿದೆ ಎಂದು ಮೂರು ಶಾಲೆಗಳಲ್ಲಿ ಹೆಸರಿತ್ತು. ದಪ್ಪ ಬಿಳಿ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬರೆದೆ. ವಿಮಾನದ ಜಾತಿ, ಅಳತೆ, ಕೆಳಗೆ ಅವರ ಪೂರ್ತಿ ಹೆಸರು, ತಂದೆಯ ಹೆಸರು ಸಹಿತ, ಅದರ ಮುಂದೆ ಏರ್‌ಫ್ರೇಮ್ ಫಿಟ್ಟರ್. ಅವರು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂರು ಸಲ ಓದಿದರು. "ನನ್ನ ಸಹೀಕಿಂತ ಛಲೋ ಆಗ್ಯದರಿ" ಎಂದರು. ಆಮೇಲೆ ಹದಿನೈದು ದಿನಕ್ಕೊಮ್ಮೆ ಏನಾದರೂ ನೆವ ಮಾಡಿಕೊಂಡು ಶಾಲೆಗೆ ಬರುತ್ತಿದ್ದರು. ಕಪಾಟಿನ ಮುಂದೆ ನಿಂತು ಓದುತ್ತಿದ್ದದ್ದು ಚೀಟಿಯನ್ನೇ, ವಿಮಾನವನ್ನಲ್ಲ.

ಹಾಗೆ ಏಳು ತಿಂಗಳು ನಡೆಯಿತು.

ಶಾಲೆಗೆ ಹೊಸ ಎರಡು ಕೋಣೆ ಕಟ್ಟಿದ್ದರು, ಅವುಗಳ ಉದ್ಘಾಟನೆ. ತಾಲೂಕಿನ ಒಬ್ಬ ದೊಡ್ಡ ಮನುಷ್ಯರು ಮುಖ್ಯ ಅತಿಥಿ. ನಮ್ಮ ಕಡೆ ಇಂಥ ಸಮಾರಂಭವೆಂದರೆ ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಈ ಮೂರೂ ಆಗಲೇಬೇಕು. ಒಂದು ತಪ್ಪಿದರೂ ಅತಿಥಿಯ ಮುಖಕ್ಕಿಂತ ಮೊದಲು ಕರೆದವರ ಮುಖ ಕಪ್ಪಾಗುತ್ತದೆ. ಕಾಣಿಕೆಯ ಫಲಕ ಕಲಬುರಗಿಯಲ್ಲಿ ಮಾಡಿಸಿದ್ದು, ಬೆಳಗಿನ ಬಸ್ಸಿನಲ್ಲಿ ಬರಬೇಕಿತ್ತು. ಕಬ್ಬು ಕಡಿಯುವ ಕಾಲ. ಹವಳಗಾದ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ಮಗುಚಿ ಬಸ್ಸು ದಾರಿಯಲ್ಲೇ ನಿಂತಿತು. ಅತಿಥಿಗಳು ಮಾತ್ರ ಹೇಳಿದ ವೇಳೆಗಿಂತ ಮೊದಲೇ ಬಂದರು. ಮಣ್ಣೂರಿಗೆ ಇನ್ನೊಂದು ಕಾರ್ಯಕ್ರಮಕ್ಕೆ ಹೋಗಬೇಕು, ಅವಸರ ಮಾಡಿ ಎಂದರು.

ಮುಖ್ಯಗುರುಗಳು ನನ್ನ ಕೋಣೆಗೆ ಓಡಿ ಬಂದರು. ಕೈಯಲ್ಲಿ ಬಣ್ಣದ ಹಾಳೆಯಿತ್ತು. ಕಣ್ಣು ಕಪಾಟಿನ ಮೇಲೆ.

"ಬಾಯಾರ, ಇದನ್ನ ತಗೀರಿ. ಇದನ್ನ ಕೊಡಮು."

"ಸರ್, ಅದು ಶಾಲೀದಲ್ರಿ. ಅವರು ನೋಡ್ಲಿ ಅಂತ ಇಡಾಕ ಕೊಟ್ಟಾರ."

"ಮಿಲಿಟ್ರೀದಲ್ಲೇನ್ರಿ? ಅಂವಾ ಇನ್ನೊಂದ ಮಾಡ್ತಾನ, ಮಾಡೂದ ಏನದ ಅವಗ. ಸಾಹೇಬರ ಕೈಯಾಗ ಹೋಗ್ತದಂದ್ರ ಖುಷಿ ಪಡ್ತಾನ. ತಗೀರಿ ಲಗೂನ, ನನ್ನ ಮಾನ ತಗೀಬ್ಯಾಡ್ರಿ."

ಕಾಕಾ ಹೊರಗೆ ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಬನ್ನಿ ಎಂದು ಕರೆದವಳೂ ನಾನೇ. ಹತ್ತು ಹೆಜ್ಜೆ ನಡೆದು ಹೋಗಿ ಕೇಳಿಬರಬಹುದಿತ್ತು. ಇಲ್ಲ, ಕೀಲಿ ಮನೆಯಲ್ಲಿ ಉಳಿದಿದೆ ಎಂದು ಒಂದು ಸುಳ್ಳು ಹೇಳಬಹುದಿತ್ತು. ಅಂಥ ಸುಳ್ಳುಗಳನ್ನು ಕಚೇರಿಯಲ್ಲಿ ನಾನು ಎಷ್ಟು ಹೇಳಿಲ್ಲ! ಆದರೆ ಆವತ್ತು ನನ್ನ ಕೈ ಸೊಂಟದ ಕೀಲಿಗೊಂಚಲಿಗೆ ಹೋಯಿತು. ಕೀಲಿ ತೂರಿಸಿದೆ, ತಿರುವಿದೆ. ವಿಮಾನವನ್ನು ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಬೇಕು, ರೆಕ್ಕೆ ಹಿಡಿಯಬಾರದು ಎಂದು ಅವರು ಕಲಿಸಿದ್ದರು. ಹಾಗೆಯೇ ಎತ್ತಿದೆ.

"ಆ ಚೀಟಿ ಬಿಡ್ರಿ" ಎಂದರು ಮುಖ್ಯಗುರುಗಳು. "ಕಾಣಿಕಿ ಮ್ಯಾಲ ಇನ್ನೊಬ್ಬರ ಹೆಸರ ಇರಬಾರದು."

ಚೀಟಿಯನ್ನು ನನ್ನ ಡ್ರಾವರಿನಲ್ಲಿ ಹಾಕಿದೆ.

ವೇದಿಕೆಯ ಮೇಲೆ ಮೈಕು ಹಿಡಿದ ಶಿಕ್ಷಕರಿಗೆ ಯಾರು ಏನು ಹೇಳಿಕೊಟ್ಟರೋ, "ನಮ್ಮ ಮುಖ್ಯಗುರುಗಳ ಮಾರ್ಗದರ್ಶನದಲ್ಲಿ, ನಿರುಪಯುಕ್ತ ವಸ್ತುಗಳನ್ನು ಬಳಸಿ, ನಮ್ಮ ಶಾಲೆಯ ಮಕ್ಕಳೇ ತಯಾರಿಸಿದ ವಿಮಾನದ ಮಾದರಿ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ತಾವು ಮಾಡಿಲ್ಲ ಎಂದು ಆ ಮಕ್ಕಳಿಗೆ ಗೊತ್ತಿತ್ತು, ಆದರೂ ತಟ್ಟಿದರು. ಅತಿಥಿಗಳು ವಿಮಾನವನ್ನು ಬಲ ರೆಕ್ಕೆ ಹಿಡಿದು ಎತ್ತಿ ಫೋಟೊದವನ ಕಡೆ ತೋರಿಸಿದರು. ಇನ್ನೊಂದು ಕೈಯಲ್ಲಿ ಪಂಖ ತಿರುವಿ ನಕ್ಕರು. ಬೆನ್ನಿನ ಮೇಲಿನ ಎಳೆ ಹರಿದು ಜೋತುಬಿದ್ದದ್ದು ಅಷ್ಟು ದೂರದಿಂದ ನನಗೆ ಕಂಡಿತೆಂದರೆ ಯಾರೂ ನಂಬಲಿಕ್ಕಿಲ್ಲ. ನನಗೆ ಕಂಡಿತು. ಮೂರನೆಯ ಸಾಲಿನವರಿಗೂ ಕಂಡಿರಬೇಕು. ಅವರು ಎದ್ದು ನಿಲ್ಲಲಿಲ್ಲ, ಕೂಗಲಿಲ್ಲ. ರಾಷ್ಟ್ರಗೀತೆ ಆಗುವವರೆಗೆ ಕುಳಿತಿದ್ದು, ಅದಕ್ಕೆ ಎದ್ದು ಬೆನ್ನು ನೆಟ್ಟಗೆ ಮಾಡಿ ನಿಂತು, ಮುಗಿದ ಮೇಲೆ ಗೇಟು ದಾಟಿ ಹೋದರು. ಅತಿಥಿಗಳ ಡ್ರೈವರ್ ಶಾಲು, ಬುಟ್ಟಿ, ವಿಮಾನ ಮೂರನ್ನೂ ಕಾರಿನ ಡಿಕ್ಕಿಯಲ್ಲಿ ತೆಂಗಿನಕಾಯಿಗಳ ಪಕ್ಕ ಇಟ್ಟ.

ಮುಕ್ಕಾಲು ತಾಸಿನ ಮೇಲೆ ಫಲಕ ಬಂತು. ಅದು ಈಗಲೂ ಶಾಲೆಯ ಕಪಾಟಿನಲ್ಲಿದೆ.

ಸಂಜೆ ಗೋಡೆಯ ಹತ್ತಿರ ನಿಂತೆ. ಅವರು ಅಂಗಳದಲ್ಲಿ ಕಾಯಿಪಲ್ಲೆ ಸೋಸುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು ಬಂದರು. ಯಾವಾಗಲೂ ಹಾಗೇ, ಕೂತು ಮಾತಾಡಿದವರಲ್ಲ.

"ಕೀಲಿ ನೀವೇ ತಗದ್ರೇನ್ರಿ ಅಕ್ಕೋರ?"

"ಹೌದು ಕಾಕಾ. ಸರ್ ಭಾಳ ಅವಸರ ಮಾಡಿದ್ರು, ಬಸ್ಸ ಬರ್ಲಿಲ್ಲ..."

"ಅದಲ್ರಿ. ತಗದವರು ನೀವೇ ಹೌದೋ ಅಲ್ಲೋ?"

"ಹೌದ್ರಿ."

"ಹಂ." ಕೈಯಲ್ಲಿದ್ದ ಮೆಂತ್ಯದ ಕಡ್ಡಿಯನ್ನು ಮುರಿದರು. "ನೀವು ಬ್ಯಾಡಂತೀರಂತ ತಿಳದಿದ್ದೆ. ಬಾಕಿ ಮಂದೀದು ನನಗ ಗೊತ್ತಿತ್ತು."

ನಾನು ಅವಸರದಲ್ಲಿ ಏನೇನೋ ಹೇಳಿದೆ. ಸಾಹೇಬರ ಮನೆಗೆ ಹೋಗಿ ವಾಪಸು ತರುತ್ತೇನೆ ಎಂದೆ. ಚೀಟಿ ನನ್ನ ಹತ್ತಿರವೇ ಜೋಪಾನವಾಗಿದೆ, ಬೇಕಾದರೆ ಇನ್ನೂ ದೊಡ್ಡದಾಗಿ ಬರೆದು ಕಪಾಟಿಗೆ ಹಚ್ಚುತ್ತೇನೆ ಎಂದೆ.

"ಬ್ಯಾಡ್ರಿ" ಎಂದರು. ದನಿ ಏರಲಿಲ್ಲ. "ಇನ್ನ ಮ್ಯಾಲ ನನ್ನ ಹೆಸರ ನೀವು ಎಲ್ಲೂ ಬರೀಬ್ಯಾಡ್ರಿ. ಬರಿಯೂದು ನಿಮ್ಮ ಕೈ, ಅಳಸೂದೂ ನಿಮ್ಮ ಕೈ. ಅದು ನನಗ ಸಾಕಾತು."

ಆ ಮೇಲೆ ಅವರು ಇನ್ನೊಂದು ವಿಮಾನ ಮಾಡಲಿಲ್ಲ. ನಾನು ಗುಳಿಗೆಯ ಹಾಳೆ ಗೋಡೆಯ ಮೇಲಿಟ್ಟರೆ ಗಾಳಿಗೆ ಹಾರಿ ನಮ್ಮ ಅಂಗಳಕ್ಕೇ ಬೀಳುತ್ತಿತ್ತು. ಸಿಸ್ಟರ್ ಮನೆಯಲ್ಲಿ ಚಹಾದ ಜರಡಿ ಒಂದೇ ವರ್ಷಗಟ್ಟಲೆ ಉಳಿಯಿತು.

ವಾಪಸು ತರುತ್ತೇನೆ ಎಂದ ಮಾತನ್ನು ನಾನು ಮರೆತೆನೆಂದಲ್ಲ. ಶಾಲೆಯ ಕಾಗದವೊಂದಕ್ಕೆ ಸಹಿ ಬೇಕೆಂದು ಮುಖ್ಯಗುರುಗಳು ನನ್ನನ್ನು ಆ ದೊಡ್ಡವರ ಮನೆಗೆ ಕಳಿಸಿದರು. ಅದು ಮುಂದಿನ ದಸರೆಯ ಮರುವಾರ. ವಿಮಾನ ಫ್ರಿಜ್ಜಿನ ಮೇಲಿತ್ತು. ಕಾರು, ಟ್ರ್ಯಾಕ್ಟರುಗಳ ಜೊತೆಗೆ ಅದಕ್ಕೂ ಪೂಜೆ ಮಾಡಿದ್ದರು. ಅವರಿಗೆ ಅದು ವಾಹನವೇ ತಾನೆ. ಮೂತಿಗೆ ಗಟ್ಟಿ ವಿಭೂತಿ, ಅದರ ಮೇಲೆ ಕುಂಕುಮ, ಆ ತಿಳಿಗಾಜಿನ ಪೂರ್ತಿ ಮೇಲೆ. ಒಳಗಿನದೇನೂ ಕಾಣುತ್ತಿರಲಿಲ್ಲ. ಒಂದು ಗಾಲಿಯಿರಲಿಲ್ಲ, ಎಡಕ್ಕೆ ವಾಲಿ ಕೂತಿತ್ತು. ಆ ವಾಲಿದ ಕಡೆಯೇ ನನ್ನ ಕಡೆಗಿದ್ದದ್ದು. ಬಾಗಿಲ ಹಿಂದೆ ತೊಗರಿಬೇಳೆಯಷ್ಟು ತೇಪೆ ಹಾಗೇ ಹೊಳೆಯುತ್ತಿತ್ತು. ನಾನು ಕೂತಲ್ಲಿಂದಲೇ ಎಣಿಸಲು ನೋಡಿದೆ.

ಮನೆಯಾಕೆ ಒಳ್ಳೆಯ ಹೆಣ್ಣುಮಗಳು. ಕೇಳಿದ್ದರೆ ಬಹುಶಃ ಕೊಟ್ಟೇಬಿಡುತ್ತಿದ್ದರು. ಅವರ ಮಟ್ಟಿಗೆ ಅದು ಫ್ರಿಜ್ಜಿನ ಮೇಲಿನ ಧೂಳು ಹಿಡಿದ ಆಟಿಕೆ. ಬಾಯಿವರೆಗೆ ಮಾತು ಬಂತು. ಮುಖ್ಯಗುರುಗಳಿಗೆ ತಿಳಿದರೆ, ದೊಡ್ಡವರು ತಪ್ಪು ತಿಳಿದುಕೊಂಡರೆ, ವರ್ಗದ ಪಟ್ಟಿಯಲ್ಲಿ ನನ್ನ ಹೆಸರು ಸೇರಿದರೆ ಎಂದು ಲೆಕ್ಕ ಹಾಕಿದೆ. ಅವರು ಕೊಟ್ಟ ಚಹಾ ಕುಡಿದೆ, ಸಹಿ ತೆಗೆದುಕೊಂಡೆ, ಬಂದೆ.

ಸಿಸ್ಟರ್ ನಿವೃತ್ತರಾದ ಮೇಲೆ ಅವರು ಊರಿಗೆ ಹೊರಟರು. ಸಾಮಾನು ತುಂಬಿದ ದಿನ ಬಿಸಿಲು ಬಹಳವಿತ್ತು. ಕೊನೆಗೆ ಕಾಕಾ ಗೋಡೆಯ ಹತ್ತಿರ ಬಂದು ನೀರು ಕೇಳಿದರು. ನಾನು ಒಳಗಿನಿಂದ ಸ್ಟೀಲಿನ ಗ್ಲಾಸು ತರುವಷ್ಟರಲ್ಲಿ ಅತ್ತೆಯವರು ಎಂದಿನಂತೆ ಆ ತಿಳಿ ಗ್ಲಾಸು ಇಟ್ಟಾಗಿತ್ತು. ಅವರು ನನ್ನ ಕೈಯಲ್ಲಿದ್ದ ಗ್ಲಾಸನ್ನೂ ನೋಡಿದರು, ಗೋಡೆಯ ಮೇಲಿನದನ್ನೂ ನೋಡಿದರು. ಗೋಡೆಯ ಮೇಲಿನದನ್ನೇ ಎತ್ತಿ ಕುಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ತೊಳೆಯಲಿಲ್ಲ, ಒಯ್ಯಲಿಲ್ಲ. ಗೋಡೆಯ ಮೇಲೆ ಬೋರಲು ಹಾಕಿ, "ಬರ್ತೇನ್ರಿ" ಎಂದು ಹೋದರು.

ತೀರಿಕೊಂಡ ಸುದ್ದಿ ನನಗೆ ಎಂಟು ದಿನ ತಡವಾಗಿ ತಿಳಿಯಿತು. ಅತ್ತೆಯವರು "ಪಾಪ, ಛಲೋ ಮನಶ್ಯಾ ಇದ್ದ" ಎಂದರು. ಆ ಮಾತು ಕೇಳಿ ನನಗೆ ಬಂದ ಸಿಟ್ಟು ಅವರ ಮೇಲಿನದೋ ನನ್ನ ಮೇಲಿನದೋ ತಿಳಿಯಲಿಲ್ಲ. ಭಾನುವಾರ ಆಳಂದದ ಬಸ್ಸು ಹಿಡಿದು ಕಿಣ್ಣಿ ಸುಲ್ತಾನಕ್ಕೆ ಹೋದೆ. ಚೀಲದಲ್ಲಿ ಆ ಚೀಟಿ ಇತ್ತು.

ಸಿಸ್ಟರ್ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡರು. ಸ್ಟೀಲಿನ ಗ್ಲಾಸಿನಲ್ಲಿ ತುಂಬ ನೀರು ತಂದು ನನ್ನ ಕೈಗೇ ಕೊಟ್ಟರು. ಕುಡಿದು ಗ್ಲಾಸು ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲೇ ಹಿಡಿದು ಕೂತೆ. ಚೀಟಿ ತೆಗೆದು ಮುಂದೆ ಇಟ್ಟೆ. ಅವರು ಓದಿದರು. ಅವರೂ ಮೂರು ಸಲ ಓದಿದರು ಎನ್ನಿಸಿತು.

"ಅವರಿಗೆ ಬೇಕಾಗಿತ್ತು ವೈನಿ" ಎಂದರು. "ನಾ ಏನ ಮಾಡ್ಲಿ ಇದನ್ನ ತಗೊಂಡು?"

"ಅವರ ಬಗ್ಗೆ ಏನರೆ ಬರೀಬೇಕಂತೇನಿ ಸಿಸ್ಟರ್. ಎಲ್ಲಾ ಬರೀತೇನಿ. ಹೆಸರ ಹಾಕಬಹುದೇನ್ರಿ?"

ಸಿಸ್ಟರ್ ಬುದ್ಧನ ಪಟದ ಕಡೆ ನೋಡಿದರು. ಅದರ ಪಕ್ಕ ಕಾಕಾನ ಫೋಟೊ, ನೀಲಿ ಸಮವಸ್ತ್ರದ್ದು.

"ಬ್ಯಾಡಂದಾರಲ್ಲ, ಬ್ಯಾಡ. ಅವರ ಹೆಸರ ಅವರು ಸಹಿ ಮಾಡಿದ ಪುಸ್ತಕದಾಗ ಅದ, ಸಾಕು." ಚೀಟಿಯನ್ನು ಮಡಿಸದೆ ನನ್ನ ಕಡೆ ಸರಿಸಿದರು. "ನೀವು ಬರೀರಿ. ಬರದು ನಿಮ್ಮ ಹೆಸರ ಹಾಕ್ರಿ. ಮುಚ್ಚಳಾ ಯಾರ ತಗದ್ರೋ ಅವರ ಸಹಿ ಇರಬೇಕಂತ ಅವರೇ ಅಂತಿದ್ರಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಜ್ವರ ಎಷ್ಟಿದೆ ಎಂದು ಹೇಳುವಾಗಿನ ದನಿಯಲ್ಲೇ ಹೇಳಿದರು.

ಚೀಟಿ ಈಗ ಬೆಳ್ಳಿ ಹಾಳೆಗಳ ಜೊತೆ ಹಳೆಯ ಕ್ಯಾಲೆಂಡರಿನಲ್ಲಿದೆ. ಈ ಬರಹದ ಕೆಳಗೆ ಅಚ್ಚಿನವರು ನನ್ನ ಹೆಸರು ಹಾಕುತ್ತಾರೆ. ಹಾಕಲಿ. ಕಪಾಟಿನ ಕೀಲಿ ತೆಗೆದವಳು ನಾನು.